ಸೈಕ್‌ನಲ್ಲಿ ಎರಡು ಮೂಗು

ಹಗ್ಗ ಒಂದೇ. ಅದು ಬೋಂಡಾನ ಕತ್ತಿಗೆ.
ಕಡ್ಡಿಗೆ ಬೇಡ; ಅರ್ಧ ಸಲೂಕಿ ಅವಳು,
ಕಟ್ಟಿಕೊಂಡು ಓಡಿದರೆ
ನಾನು ವಾದಿಯ ತಳದಲ್ಲಿರುತ್ತೇನೆ.

ರಾತ್ರಿಪಾಳಿ ಮುಗಿದ ಕೈಯಲ್ಲಿ
ಇನ್ನೂ ಡೆಟಾಲಿನ ವಾಸನೆ.
ಮೆಟ್ಟಿಲು ಹೊಲದ ಅಂಚಿಗೆ ಹೊರಡುತ್ತೇವೆ ಮೂವರೂ.
ಗೋಡೆಯ ಕ್ಯಾಲೆಂಡರಿಗೆ ಸಂಬಳದ ದಿನವಷ್ಟೇ ಗೊತ್ತು.
ಉಳಿದದ್ದು ಈ ಎರಡು ಮೂಗಿಗೆ.

ಜನವರಿಯಲ್ಲಿ ಫಲಜಿನ ಮೇಲೆ
ನೀರುದೋಸೆಯಷ್ಟು ತೆಳು ಮಂಜುಗಡ್ಡೆ.
ಬೋಂಡಾ ಬೊಗಳಿದ, ಪಂಜ ಇಟ್ಟ,
ಟಪ್ಪೆಂದಿತು.
ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಏಪ್ರಿಲ್ ಎಂದರೆ ಖಲ್ಫಾನಜ್ಜನ ಒಲೆ,
ಗುಲಾಬಿ ಬೇಯುವ ಹೊಗೆ.
ಅಜ್ಜನಿಗೆ ನಾಯಿ ಆಗದು.
ದೂರದಿಂದಲೇ ಕೋಲೆತ್ತಿ ಸಲಾಮು,
ಕೋಲಿಳಿಸಿ ನನ್ನ ಅಂಗೈಗೆ ಖರ್ಜೂರ.
ಎರಡು ಹೆಚ್ಚಿಗೆ ಇಡುತ್ತಾನೆ,
ಯಾರಿಗೆಂದು ಹೇಳುವುದಿಲ್ಲ.

ಜೂನಿನಲ್ಲಿ ಮಸ್ಕತ್ತಿನಿಂದ ಫ್ಲೋರಿನಳ ಫೋನು:
"ನಲ್ಲಿ ನೀರಲ್ಲೇ ಅನ್ನ ಬೇಯ್ತದೆ ಮಾರಾಯ್ತಿ!"
ನಾನಾಗ ಶಾಲು ಹುಡುಕುತ್ತಿದ್ದೆ.
ಹೇಳಲಿಲ್ಲ.

ಆಮೇಲೆ ದಾಳಿಂಬೆ. ಬಿರಿದು ಬಿದ್ದದ್ದನ್ನು ತಿಂದು
ಕಡ್ಡಿಯ ಮೂತಿ ಕೆಂಪು;
ಬೇಟೆಯಾಡಿ ಬಂದವಳ ಗತ್ತು,
ಹಲ್ಲಿನ ಸಂದಿಯಲ್ಲಿ ಬೀಜ.

ಇವತ್ತು ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ನಿಂತರು,
ಮೂಗೆತ್ತಿ.
ಆಕಾಶ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ.
ನಾನೂ ಮೂಸಿದೆ: ಡೆಟಾಲು.
"ಏನ್ರೋ?" ಎಂದೆ. ಕಿವಿಯೂ ಅಲ್ಲಾಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, ಕಣಿವೆಯಾಚೆ,
ಜೂನಿಪರ್ ಮರಗಳ ಮೇಲೆ
ಒಂದು ಸಣ್ಣ ನೆರಳು ತೆವಳಿತು.

ಹಗ್ಗ ಜಗ್ಗಿತು.
ಕೊಡೆ ಮನೆಯಲ್ಲಿತ್ತು.
ಹೋದೆ.