ಮೇಲಾ, ಕೆಳಗಾ

ಶ್ರೀರಾಂಪುರದ ಎರಡನೇ ಮಹಡಿಯ ಲ್ಯಾಬಿನಲ್ಲಿ
ಹಗಲೆಲ್ಲ ನಾನು ಹಲ್ಲು ಕಟ್ಟುತ್ತೇನೆ.
ಯಾರದೋ ಬೋಳು ಒಸಡಿನ ಅಚ್ಚು ಬರುತ್ತದೆ.
ಪ್ಲಾಸ್ಟರ್ ಕಲಸಿ ಹೊಯ್ದು, ಮೇಣ ಕಾಯಿಸಿ,
ಡಬ್ಬಿಯಿಂದ ಒಂದೊಂದೇ ಆರಿಸಿ ಕೂರಿಸುತ್ತೇನೆ.
ಸಂಜೆಗೆ ಒಂದು ಬಾಯಿ ಪೂರ್ತಿ ಸಿದ್ಧ.
ಅಳುವವರು ಯಾರೂ ಇಲ್ಲ.

ರಾತ್ರಿ, ಮನೆಯಲ್ಲಿ, ಒಂದೇ ಒಂದು ಹಲ್ಲು.
ಅದೂ ಇನ್ನೂ ಬಂದಿಲ್ಲ.

ಹನ್ನೆರಡು ದಿನವಾಯಿತು.
ಜೊಲ್ಲಿಗೆ ಅಂಗಿ ತೊಯ್ದು ತೊಯ್ದು ಗಲ್ಲದ ಕೆಳಗೆ ಕೆಂಪು ಗುಳ್ಳೆ.
ಸಿಕ್ಕಿದ್ದೆಲ್ಲ ಬಾಯಿಗೆ. ಟೀವಿ ರಿಮೋಟು, ನನ್ನ ಬಸ್ ಪಾಸು,
ಅವರಮ್ಮನ ತಾಳಿಸರ,
ನಿನ್ನೆ ಮಂಚದ ಕಾಲು.
ಕೆಳಗಿನ ಮನೆಯ ಜುಬೇದಮ್ಮ ತಮ್ಮ ಫ್ರಿಜ್ಜಿನಲ್ಲಿ
ಒದ್ದೆ ಬಟ್ಟೆ ಮಡಿಸಿಟ್ಟು
ಹನ್ನೊಂದಕ್ಕೆ ಬಾಗಿಲು ತಟ್ಟಿ ಕೊಡುತ್ತಾರೆ.
ಅದು ತಣ್ಣಗಿರುವಷ್ಟು ಹೊತ್ತು ನಮಗೆ ನಿದ್ದೆ,
ಅಂದರೆ ಹನ್ನೊಂದೂಕಾಲರವರೆಗೆ.

ದೊಡ್ಡಬಳ್ಳಾಪುರದಿಂದ ಭಾಮೈದ ತಿರುಮಲೇಶನ ಫೋನು, ದಿನಾ:
"ಭಾವ, ಮೇಲಾ? ಕೆಳಗಾ?"
ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡಂತೆ.
ಇಂಥದ್ದೆಲ್ಲ ನಾನು ನಂಬಲ್ಲ ಅನ್ನುತ್ತಾನೆ,
ಆಮೇಲೆ ಇನ್ನೊಂದು ಸಲ ಕೇಳುತ್ತಾನೆ.

ಮೂರು ಗಂಟೆ. ಬೀದಿಯಲ್ಲಿ ನೀರು ಬಿಡುವವನು
ಕಬ್ಬಿಣದ ಸರಳು ಇಳಿಸಿ ವಾಲ್ವು ತಿರುಗಿಸುವ ಸದ್ದು.
ಸಂಪಿನೊಳಗೆ ಕಾವೇರಿ ಬೀಳತೊಡಗುತ್ತಾಳೆ.
ಗೋಡೆಗೊರಗಿದ ವಿಮಲಾಕ್ಷಿ ಕಣ್ಣು ತೆರೆಯದೆಯೇ
ಕೂಸನ್ನು ಈಚೆ ದಾಟಿಸುತ್ತಾಳೆ:
"ಹಲ್ಲಿನ ಕೆಲಸ ತಾನೇ ನಿಮ್ದು."

ಸೋಪು ಹಚ್ಚಿ ಕೈ ತೊಳೆದು, ತೋರುಬೆರಳಿನಿಂದ
ಒಸಡನ್ನು ಮೆಲ್ಲಗೆ ನೀವುತ್ತೇನೆ.
ಬೆರಳಿಗೆ ಗೊತ್ತು ಈ ಕಮಾನು.
ಮಧ್ಯಾಹ್ನವಷ್ಟೇ ಇಂಥದ್ದೇ ಒಂದನ್ನು, ಕೊಂಚ ದೊಡ್ಡದು,
ಎಂಬತ್ತು ದಾಟಿದ ಯಾರೋ ಅಜ್ಜನದು,
ಬ್ರಷ್ಷಿನಲ್ಲಿ ಪುಡಿ ಕೊಡವಿ ಇಟ್ಟು ಬಂದಿದ್ದೆ.
ಅದು ಬಿಳಿ, ತಣ್ಣಗೆ. ಇದು ಬೆಚ್ಚಗೆ ಮಿಡಿಯುತ್ತದೆ.
ಅವನೂ ಒಂದು ರಾತ್ರಿ ಹೀಗೇ ಯಾರ ಬೆರಳನ್ನೋ
ಚೀಪುತ್ತ ಅತ್ತಿರಬೇಕು. ಆ ಬೆರಳು ಈಗ

ಯೋಚನೆ ಅಲ್ಲಿಗೇ ನಿಂತಿತು. ಕಚ್ಚಿದಳು.

ಅನ್ನದಲ್ಲಿ ಉಳಿದ ಕಲ್ಲಿನ ಹಾಗೆ ಏನೋ ತಾಕಿತು.
ಲೈಟು ಹಾಕಲಿಲ್ಲ. ಕತ್ತಲಲ್ಲೇ ತಡಕಿ
ಒಳಲೆ ತಂದು ಅಂಚು ಮುಟ್ಟಿಸಿದೆ.
ಟಿಣ್.

ಹದಿನಾಲ್ಕು ವರ್ಷದಲ್ಲಿ ನಾನು ಕೂರಿಸಿದ ಯಾವ ಹಲ್ಲಿಗೂ
ಹೀಗೆ ಕಿವಿಗೊಟ್ಟಿರಲಿಲ್ಲ.
ವಿಮಲಾಕ್ಷಿ ಎದ್ದು ಕೂತಳು. "ಇನ್ನೊಂದ್ಸಲ."
ಟಿಣ್.
ಕೂಸಿಗೂ ಆಟ ಅನಿಸಿತೋ ಏನೋ, ಬಾಯಿ ತೆರೆದೇ ಇಟ್ಟಿತು.

ತಿರುಮಲೇಶನಿಗೆ ಮೆಸೇಜು ಹಾಕಿದೆ:
"ಕೆಳಗೆ. ಬದುಕಿಕೊಂಡೆ, ಮಲಕ್ಕೋ."
ಮೂರೂಮುಕ್ಕಾಲಿಗೆ ಎರಡು ನೀಲಿ ಗೆರೆ, ತಕ್ಷಣ.

ಇನ್ನು ಹತ್ತೊಂಬತ್ತು, ಅಂದೆ.
ಅವಳು ನಗಲಿಲ್ಲ, ಆಗಲೇ ನಿದ್ದೆ ಹೋಗಿದ್ದಳು.
ಹೊರಗೆ ಸಂಪು ತುಂಬಿ ಮೆಟ್ಟಿಲ ಬುಡಕ್ಕೆ ನೀರು ಹರಿಯುತ್ತಿತ್ತು.
ಬೆರಳು ಕೂಸಿನ ಬಾಯಲ್ಲಿತ್ತು. ಏಳಲಾಗಲಿಲ್ಲ.