ತಂದೆಯ ವಿದ್ಯಾಭ್ಯಾಸ

ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪು,
ಪಕ್ಕದಲ್ಲಿ ಹೋದ ವರ್ಷದ ತೆರಿಗೆ ಕಾಗದ,
ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ತುಂಡು,
ಐಲಿ ಕಚ್ಚಿ ಕಚ್ಚಿ ಸೀಳಿದ ಪೆನ್ನು.
ಹ್ಯಾಂಕಾಕ್ ಊರಿಗೆ ಆ ಸಂಜೆ
ಸರೋವರ ಮೊಣಕಾಲುದ್ದ ಹಿಮ ಕಳಿಸಿತ್ತು,
ಇನ್ನೂ ಕಳಿಸುತ್ತಲೇ ಇತ್ತು.

ನಾಲ್ಕು ಕಾಲೇಜು. ಮೂರಕ್ಕೆ ಶುಲ್ಕ ಮಾಫಿ.
ನಾಲ್ಕನೆಯದಕ್ಕೆ ಎಪ್ಪತ್ತೈದು ಡಾಲರು;
ನನ್ನ ಕಾರ್ಡು ಮೊದಲು ಒಲ್ಲೆನೆಂದು
ಎರಡನೆಯ ಸಲ ಒಪ್ಪಿತು.
ಗಡುವು ಇವತ್ತೇ, ಹನ್ನೆರಡಕ್ಕೆ ಒಂದು ನಿಮಿಷ ಮುಂಚೆ.
ನಾನು ಶಾಲೆಯ ಅಡುಗೆಯವಳು,
ಮುನ್ನೂರು ಮಕ್ಕಳ ಸೂಪು ಕಣ್ಣಳತೆಯಲ್ಲೇ ಬಲ್ಲೆ,
ಈ ಅರ್ಜಿಯ ಅಳತೆ ಮಾತ್ರ ಕೈಗೆ ಹತ್ತಲಿಲ್ಲ.
ಕೇಳಿದ್ದನ್ನೆಲ್ಲ ಹುಡುಕಿ ಕೊಟ್ಟೆ: ಮನೆಯ ಸಾಲ,
ಹಳೆ ಟ್ರಕ್ಕಿನ ಬೆಲೆ,
ಸತ್ತ ಅತ್ತೆಯ ಹೆಸರಲ್ಲೇ ಉಳಿದ ಒಂದೆಕರೆ ಪೈನ್ ಕಾಡು.

"ಅಪ್ಪ, ನಿನ್ನ ವಿದ್ಯಾಭ್ಯಾಸ?" ಅಂದಳು ಐಲಿ
ತಲೆಯೆತ್ತದೆ. ಬಾಣದ ಗುರುತು ಆಗಲೇ
'ಹೈಸ್ಕೂಲು ಮುಗಿಸಿದವರು' ಎಂಬುದರ ಮೇಲಿತ್ತು.
ರೈನೊ ಬಾಗಿಲ ಬಳಿ ಬೂಟಿನ ಲಾಡಿ ಬಿಗಿಯುತ್ತಿದ್ದ,
ಕೌಂಟಿಯ ಹಿಮ ತಳ್ಳುವ ಪಾಳಿ ಎಂಟಕ್ಕೆ.
"ಅದರ ಮೇಲಿನದು," ಅಂದ.
"ಮೇಲಿರೋದು 'ಮುಗಿಸದವರು', ಅಪ್ಪ."
"ಹೂಂ. ಅದೇ."

ಇಪ್ಪತ್ತೊಂದು ವರ್ಷ ಒಂದೇ ಹಾಸಿಗೆ.
ಅವನ ಎಡಗಿವಿ ಮಂದವೆಂದು ಬಲ್ಲೆ,
ನಿದ್ದೆಯಲ್ಲಿ ಗೇರು ಬದಲಿಸುತ್ತಾನೆಂದು ಬಲ್ಲೆ;
ಇದನ್ನು
ಒಂದು ಅರ್ಜಿ ಬಂದು ಕೇಳಬೇಕಾಯಿತು.

ಯಾಕೆ ಅಂದೆ. ಗಣಿ ಮುಚ್ಚಿತ್ತೇ, ಮನೆಯಲ್ಲಿ ಹಸಿವಿತ್ತೇ,
ನಿಮ್ಮಪ್ಪನಿಗೆ ಕಾಯಿಲೆಯೇ, ಕಾರಣಗಳನ್ನು ನಾನೇ
ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ.
ಒಂದನ್ನೂ ಮುಟ್ಟಲಿಲ್ಲ.
"ಬೀಜಗಣಿತ ತಲೆಗೆ ಹತ್ತಲಿಲ್ಲ, ಅಷ್ಟೆ.
ಒಂದು ಸೋಮವಾರ ಹೋಗಲಿಲ್ಲ.
ಮಂಗಳವಾರ ಯಾರೂ ಕೇಳಲಿಲ್ಲ."
ಬಾಗಿಲು ತೆರೆದ. ಚಳಿ ಒಳಗೆ ಬಂತು, ಅವನು ಹೊರಗೆ ಹೋದ.

ಐಲಿಯ ಕಣ್ಣು ಹೊಳೆಯಿತು.
ನನಗೆ ಆ ಹೊಳಪು ಹಿಡಿಸಲಿಲ್ಲ.
"ಅಮ್ಮ, ಅವರಿಗೆ ಇಂಥದ್ದೇ ಬೇಕಂತೆ, ಕೌನ್ಸೆಲರ್ ಹೇಳಿದ್ರು.
ಪ್ರಬಂಧ ಬದಲಿಸ್ತೀನಿ, ಇನ್ನೂ ಹೊತ್ತಿದೆ."
ಆರುನೂರ ಐವತ್ತು ಪದದೊಳಗೆ ನೀನು ಯಾರು ಹೇಳು ಎಂದಿದ್ದರು.
ವಯೊಲಿನ್ ಬಗ್ಗೆ ಬರೆದದ್ದು ಪಕ್ಕಕ್ಕೆ ಸರಿಯಿತು,
'ನನ್ನ ತಂದೆ' ಎಂದು ಬೆರಳು ಓಡತೊಡಗಿತು.
ಬೇಡ ಅನ್ನಬೇಕಿತ್ತು ನಾನು.
ಎಪ್ಪತ್ತೈದು ಡಾಲರು ನಾಲಿಗೆಯ ಮೇಲೆ ಕೂತಿತ್ತು,
ಅದರ ಬೆನ್ನಿಗೆ ವಿದ್ಯಾರ್ಥಿವೇತನ.
ಪಾತ್ರೆ ತೊಳೆಯಲು ಹೋದೆ.
ತೊಳೆದದ್ದನ್ನೇ ಮತ್ತೆ ತೊಳೆದೆ.

ಹತ್ತಕ್ಕೆ ಕಿಟಕಿಯಲ್ಲಿ ಹಳದಿ ದೀಪ ತಿರುಗಿತು,
ನಮ್ಮ ಬೀದಿಯ ಸರದಿ.
ಬಿಳಿ ಗೋಡೆಯೊಂದು ಗುಡುಗುಡು ಪಕ್ಕಕ್ಕೆ ಉರುಳಿತು,
ಜೊತೆಗೆ ಠಣ್ಣೆಂದಿತು ನಮ್ಮ ಅಂಚೆಪೆಟ್ಟಿಗೆ.
ಊರಿನವರ ಪೆಟ್ಟಿಗೆಗಳನ್ನೆಲ್ಲ ಕಾಪಾಡಿ
ತನ್ನ ಮನೆಯದನ್ನೇ ಕೆಡವುವ ಪುಣ್ಯಾತ್ಮ!
ಐಲಿ ನಕ್ಕಳು.
ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು.
ಅಳಿಸುವ ಗುಂಡಿ ಒತ್ತಿ ಹಿಡಿದರೆ ಸದ್ದೇನೂ ಬರುವುದಿಲ್ಲ,
ನಲ್ಲಿಯ ಬಳಿ ನಿಂತ ನನಗೆ ಕೇಳಿಸಿತು.

ಬೆಳಗಿನ ಐದಕ್ಕೆ ಬಂದ, ಮೀಸೆಯಲ್ಲಿ ಮಂಜು.
"ಕಳಿಸಿದಳಾ?"
"ಹನ್ನೊಂದು ಐವತ್ತಕ್ಕೆ."
"ಏನು ಬರೆದಳು?"
ಲ್ಯಾಪ್‌ಟಾಪು ಅವನತ್ತ ತಿರುಗಿಸಿದೆ.
ಕನ್ನಡಕ ಹುಡುಕಿ, ತುಟಿ ಅಲ್ಲಾಡಿಸುತ್ತ ಓದಿದ.
ಹಾಗೆ ಓದುವುದನ್ನು ಇಷ್ಟು ವರ್ಷ ನೋಡಿದ್ದೆ,
ನೋಡಿರಲಿಲ್ಲ.

ಅಂಚೆಪೆಟ್ಟಿಗೆಯ ಮೇಲೆ ಬರೆದಿದ್ದಳು:
ಹಿಮ ಕರಗಿದ ಭಾನುವಾರ, ವಾಲಿದ ಕಂಬ,
ಒಬ್ಬರು ನೆಟ್ಟಗೆ ಹಿಡಿದಿರಬೇಕು, ಒಬ್ಬರು ಮಣ್ಣು ತುಳಿಯಬೇಕು,
ಇದುವರೆಗೆ ಏಳು ಸಲ ಎಂದು ಲೆಕ್ಕ ಬೇರೆ.

ರೈನೊ ಒಂದೊಂದೇ ಬೆರಳು ಮಡಚಿದ,
ಮತ್ತೊಮ್ಮೆ ಮಡಚಿದ.
"ಆರು," ಅಂದ. "ರಾತ್ರಿಯದೂ ಸೇರಿ ಆರೇ.
ಕಳಿಸೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ?"