ಅಂಚೆಯವಳ ಹಿಮ್ಮಡಿ

ಬೆಳಗಿನ ಮೊದಲ ಹೆಜ್ಜೆಗೆ ನೆಲ ಕಚ್ಚುತ್ತದೆ.
ಹತ್ತು ಹೆಜ್ಜೆಯಾದ ಮೇಲೆ ಬಿಡುತ್ತದೆ,
ಗುರುತು ಹಿಡಿದ ನಾಯಿಯ ಹಾಗೆ.

ವಾಲ್ಪರೈಸೊದ ಗುಡ್ಡಗಳಲ್ಲಿ
ಹತ್ತೊಂಬತ್ತು ವರ್ಷ ಕಾಗದ ಹಂಚಿದ್ದೇನೆ.
ಯಾವ ಬಾಗಿಲಿಗೆ ಎಷ್ಟು ಮೆಟ್ಟಿಲೆಂದು
ನನಗಿಂತ ಹಿಮ್ಮಡಿಗೇ ಚೆನ್ನಾಗಿ ಗೊತ್ತು.

ಚುಚ್ಚುಮದ್ದು ಕೇಳಲು ಹೋದರೆ
ಆಸ್ಪತ್ರೆಯ ಇಗ್ನಾಸಿಯಾ ನನ್ನ ಬೂಟು ತಿರುವಿ ನೋಡಿದಳು:
"ಎದೆಲ್ಮೀರಾ, ಇದು ಅಟ್ಟೆಯೋ, ಸವೆದ ಸೋಪಿನ ಚೂರೋ?"
ಹೊಸದು ಕೊಳ್ಳು.
ಮಂಚ ಇಳಿಯುವ ಮೊದಲು
ಪಾದಕ್ಕೆ ಟವೆಲು ಸುತ್ತಿ ಎಳೆದುಕೋ.
ಬರಿಗಾಲು ಬೇಡ, ಅಡುಗೆಮನೆಗೂ.

ಈಗ ಸಂಜೆ ಟೀವಿಯ ಮುಂದೆ
ಮಂಜುಗಟ್ಟಿದ ಬಾಟಲಿ ಅಂಗಾಲಡಿ ಉರುಳುತ್ತದೆ;
ಬೆಕ್ಕಿಗೆ ಅದರ ಮೇಲೇ ಕಣ್ಣು.

ಸರದಿಯ ನಡುವೆ, ಮಿಲಾಗ್ರೋಸ್ ಅಜ್ಜಿ
ಕನ್ನಡಕ ಹುಡುಕಿ ಬಾಗಿಲು ತೆಗೆಯುವವರೆಗೆ
ಅವಳ ಮೆಟ್ಟಿಲಂಚಿಗೆ ಬೆರಳಬುಡ ಊರಿ
ಹಿಮ್ಮಡಿಯನ್ನು ಕೆಳಕ್ಕೆ ಬಿಡುತ್ತೇನೆ.
ಮೀನಖಂಡದ ಮೀನು ಮೆಲ್ಲಗೆ ಮೈ ಚಾಚುತ್ತದೆ,
ದೂರದಲ್ಲಿ ಬಂದರು.
ನೋವು ಕೊಟ್ಟ ಮೆಟ್ಟಿಲೇ ಇದು.

ನಾಲ್ಕು ತಿಂಗಳಾಯಿತು.
ಕೆಲವು ಬೆಳಗು ನೆಲ ಈಗಲೂ ಬಾಯಿ ತೆರೆಯುತ್ತದೆ.
ಕಚ್ಚುವುದಿಲ್ಲ;
ಮೂಸಿ ಬಿಡುತ್ತದೆ.